ದಿನಕ್ಕೆ ಹದಿನಾಲ್ಕು ಮಿಲಿಮೀಟರ್

ಮೊದಲಿಗೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರೂ ಬೆರಳು ತೋರಿಸುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ನಮ್ಮ ಬೆಕ್ಕಿಗೆ ಆ ಮರಳಿನ ಗುಡ್ಡೆಯನ್ನು ತೋರಿಸಿಕೊಟ್ಟವನು ನಾನೇ.

ತೋರಿಸಿದ್ದಷ್ಟೇ ಅಲ್ಲ, ಕಲಿಸಿಯೂ ಕೊಟ್ಟೆ. ಸುಬ್ಬಿ ಎರಡು ತಿಂಗಳ ಮರಿಯಾಗಿದ್ದಾಗ ದಿವಾನದ ಹಿಂದೆ ಹೋಗಿ ಕೂರುತ್ತಿತ್ತು. ಅದರ ತಪ್ಪಲ್ಲ. ನಮ್ಮ ಬೀದಿಯಲ್ಲಿ ಹುಡುಕಿದರೂ ಒಂದು ಹಿಡಿ ಮಣ್ಣಿಲ್ಲ, ಮನೆ ಬಾಗಿಲ ತನಕ ಕಾಂಕ್ರೀಟು. ಇದ್ದದ್ದು ಎದುರು ಸೈಟಿನಲ್ಲಿ ಮನೆ ಕಟ್ಟಲೆಂದು ತಂದು ಸುರಿದಿದ್ದ ಮರಳಿನ ಗುಡ್ಡೆ ಒಂದೇ. ಬೆಕ್ಕನ್ನು ಒಯ್ದು ಅದರ ಮೇಲೆ ಬಿಟ್ಟೆ. ಅದು ಪಿಳಿಪಿಳಿ ನನ್ನನ್ನೇ ನೋಡಿತು. ಆಗ ನಾನು, ಡಿಪ್ಲೊಮಾ ಮಾಡಿದ ಇಪ್ಪತ್ತಾರು ವರ್ಷದ ಗಂಡಸು, ಮಂಡಿಯೂರಿ, ಎರಡೂ ಕೈಯಲ್ಲಿ ಮರಳು ಕೆದರಿ, ಕುಕ್ಕರುಗಾಲಲ್ಲಿ ಕೂತು, ಬೆಕ್ಕುಗಳು ಆ ಹೊತ್ತಿನಲ್ಲಿ ತಂದುಕೊಳ್ಳುವ ಗಂಭೀರ ಮುಖ ತಂದುಕೊಂಡು, ಕೊನೆಗೆ ಮರಳು ಮುಚ್ಚಿಯೂ ತೋರಿಸಿದೆ. ಒಂದೇ ಪ್ರದರ್ಶನಕ್ಕೆ ಸುಬ್ಬಿ ಕಲಿತುಬಿಟ್ಟಿತು. ಅಷ್ಟು ಶ್ರದ್ಧೆಯ ಪ್ರೇಕ್ಷಕರು ನನಗೆ ಮತ್ತೆ ಸಿಕ್ಕಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅಕ್ಕ ಸುಧಾ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು. ಭಾವ ಹುಬ್ಬಳ್ಳಿ ಕಡೆ ಗೋದಾಮಿನ ಕೆಲಸದಲ್ಲಿದ್ದಾರೆ. ಅವಳ ನಾಲ್ಕು ವರ್ಷದ ಮಗಳು ಚುಕ್ಕಿ ಪ್ರತಿ ಸಂಜೆ ನನ್ನ ಪಾಲು. ನಾನು ಪೀಣ್ಯದಲ್ಲಿ ಫಸ್ಟ್ ಶಿಫ್ಟ್ ಮುಗಿಸಿ, ಬಸ್ಸಿಳಿದು, ಮಾದನಾಯಕನಹಳ್ಳಿಯ ನಮ್ಮ ಬೀದಿಗೆ ಬರುವಷ್ಟರಲ್ಲಿ ಅವಳು ಚಪ್ಪಲಿ ಹಾಕಿಕೊಂಡು ಗೇಟಿನಲ್ಲಿ ನಿಂತಿರುತ್ತಿದ್ದಳು. ಅಲ್ಲಿಂದ ಅಕ್ಕ ಬರುವ ತನಕ ಎರಡು ಗಂಟೆ ನಾವಿಬ್ಬರೂ ಬೀದಿಯ ರಾಜರು. ಅಕ್ಕ ಹಾಕಿದ್ದ ಷರತ್ತು ಒಂದೇ.

"ಎಲ್ಲಿ ಬೇಕಾದ್ರೂ ಕರ್ಕೊಂಡ್ಹೋಗು. ಆ ಮರಳಿಗೆ ಮಾತ್ರ ಇಳಿಸ್ಬೇಡ. ನಾಯಿ ಬೆಕ್ಕು ಎಲ್ಲಾ ಅಲ್ಲೇ ಹೋಗ್ತವೆ."

"ಆಯ್ತಕ್ಕ" ಅಂದಿದ್ದೆ. ಅವಳದೇ ಧ್ವನಿಯಲ್ಲಿ ಅಂದಿದ್ದೆ. ಅದಕ್ಕೆ ಒಂದು ಏಟೂ ತಿಂದಿದ್ದೆ.

ಧ್ವನಿಯ ವಿಷಯ ಹೇಳಿಬಿಡುತ್ತೇನೆ. ನಾನು ಯಾರನ್ನೂ ಬಿಡುವುದಿಲ್ಲ. ಪಕ್ಕದ ಮನೆಯ ರಂಗಪ್ಪ ಅಂಕಲ್ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು. ಬೆಳಿಗ್ಗೆ ತಮ್ಮ ನಾಯಿ ರಾಜನನ್ನು ಹಿಡಿದು ಹೊರಟರೆ ನಾಯಿಗೂ ಶಿಫ್ಟಿಗೆ ತಡವಾಯಿತೇನೋ ಅನ್ನುವ ಹಾಗಿರುತ್ತದೆ. ಆ ಕೆಮ್ಮು, ಆ "ಏನಯ್ಯಾ", ನಡುವೆ ನಿಂತು ಗಡಿಯಾರ ನೋಡುವುದು, ಎಲ್ಲ ನನ್ನ ಹತ್ತಿರ ಇದೆ. ಎದುರು ಸೈಟಿನ ಶೆಡ್ಡಿನಲ್ಲಿ ರಾಯಚೂರು ಕಡೆಯ ದ್ಯಾಮವ್ವ ಇದ್ದಾಳೆ. ಗಂಡ ಗಾರೆ ಕೆಲಸ, ಅವಳು ಮರಳು ಜರಡಿ ಹಿಡಿಯುವವಳು. "ಹೌದ್ರೀ ಸರ, ಆತ್ರೀ ಸರ" ಎಂದು ಅವಳು ರಾಗ ಎಳೆಯುವುದನ್ನು ನಾನು ಮಾಡಿದರೆ ಇಡೀ ಬೀದಿ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಯಾಕೆ ನಗುತ್ತಾಳೆ ಎಂದು ನಾನು ಯೋಚಿಸಿದವನಲ್ಲ.

ಈಗ ಗಣಪತಿ ಬಿಡುವ ದಿನಕ್ಕೆ ಬರೋಣ.

ತಮಟೆಯವರು ಸರಿಯಾಗಿ ಆ ಮರಳಿನ ಗುಡ್ಡೆಯ ಮುಂದೆ ನಿಂತರು. ಟ್ರ್ಯಾಕ್ಟರಿನ ಟೈರು ಚರಂಡಿಗೆ ಇಳಿದು ಮೆರವಣಿಗೆ ಅಲ್ಲೇ ನಿಂತಿತ್ತು. ನಿಂತ ಮೆರವಣಿಗೆಗೆ ಹಾವಿನ ಡ್ಯಾನ್ಸು ಬೇಕೇ ಬೇಕು. ನಮ್ಮ ಬೀದಿಯಲ್ಲಿ ಹಾವು ಯಾವತ್ತೂ ನಾನೇ. ಕರ್ಚೀಫಿನ ತುದಿ ಹಲ್ಲಲ್ಲಿ ಕಚ್ಚಿ ಪುಂಗಿ ಊದಿದೆ, ಆಮೇಲೆ ಪುಂಗಿ ಎಸೆದು ಹಾವಾದೆ. ಕಾಂಕ್ರೀಟಿನ ಮೇಲೆ ಹೊರಳಿದರೆ ಮೊಣಕೈ ತರಚುತ್ತದೆ, ಅಲ್ಲೇ ಮೆತ್ತಗಿನ ಮರಳಿದೆ. ಹೊಟ್ಟೆಯ ಮೇಲೆ ಬಿದ್ದು, ಅಂಗಿ ಎದೆಗೆ ಏರಿ, ಗುಡ್ಡೆಯ ನೆತ್ತಿಯಿಂದ ಬುಡದವರೆಗೂ ಹರಿದೆ. ಜನ ಶಿಳ್ಳೆ ಹೊಡೆದರು. ತಿರುಗಿ ನೋಡಿದರೆ ಹಿಂದೆ ಇನ್ನೊಂದು ಹಾವು ಬರುತ್ತಿತ್ತು, ರೇಷ್ಮೆ ಲಂಗ ಉಟ್ಟುಕೊಂಡು, ನಾಲಿಗೆ ಹೊರಗೆ ಹಾಕಿಕೊಂಡು. ಚುಕ್ಕಿ.

"ಮಾಮ, ನಾನು ಮರಿ ಹಾವು!"

ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. "ಬಾ ಬಾ, ಹೆಡೆ ಎತ್ತು" ಎಂದೆ. ಅಕ್ಕ ಆಗ ಒಳಗೆ ಚಿತ್ರಾನ್ನ ಕಲಸುತ್ತಿದ್ದಳು. ಮನೆಗೆ ಹೋಗುವ ಮುಂಚೆ ಚುಕ್ಕಿಯ ಲಂಗ ಕೊಡವಿ, "ಅಮ್ಮಂಗೆ ಹೇಳ್ಬೇಡ" ಎಂದು ಒಂದು ಚಾಕಲೇಟು ಕೊಟ್ಟೆ. ಅವಳು ನನ್ನ ಶಿಷ್ಯೆ, ಹೇಳಲಿಲ್ಲ.

ಎರಡು ದಿನಕ್ಕೆ ಹೊಕ್ಕಳಿನಿಂದ ನಾಲ್ಕು ಬೆರಳು ಆಚೆ ತುರಿಕೆ ಶುರುವಾಯಿತು. ಸೊಳ್ಳೆ ಅಂದುಕೊಂಡೆ. ನಾಲ್ಕನೆಯ ದಿನ ಸ್ನಾನ ಮಾಡುವಾಗ ನೋಡುತ್ತೇನೆ, ಕೆಂಪು ದಾರದಂಥ ಗೆರೆ. ಚರ್ಮದಿಂದ ಸ್ವಲ್ಪ ಮೇಲೆದ್ದು, ಅಲ್ಲೊಂದು ಡೊಂಕು ಇಲ್ಲೊಂದು ಡೊಂಕು ತೆಗೆದುಕೊಂಡು, ಬೆಲ್ಟಿನ ಜಾಡಿನಲ್ಲೇ ಎಡಕ್ಕೆ ಹೊರಟಿತ್ತು. ತುರಿಕೆ ಎಂದರೆ ಸಾಮಾನ್ಯ ತುರಿಕೆಯಲ್ಲ. ಮೈಯೊಳಗೆ ಯಾರೋ ಹೊಲಿಗೆ ಹಾಕುತ್ತಿದ್ದಾರೆ, ಅದೂ ಪೀಸಿಗಿಷ್ಟು ಕೂಲಿಯ ಅವಸರದಲ್ಲಿ, ಅನ್ನುವ ಹಾಗೆ.

ಟವೆಲಿನಲ್ಲೇ ಹೊರಗೆ ಬಂದು ಅಜ್ಜಿಗೆ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು.

"ಸರ್ಪಸುತ್ತು ಕಣ್ಲಾ."

"ಏನಜ್ಜಿ?"

"ಆವಿನ ಯೇಸ ಆಕ್ಕಂಡು ಒಳ್ಳಾಡ್ದಲ್ಲ, ಇನ್ನೇನಾದಾತು! ನೋಡ್ಲಾ, ಇದು ತಲೆ, ಇದು ಬಾಲ. ಇದು ಇಂಗೇ ಸುತ್ತು ಬರ್ತದೆ. ಸುತ್ತು ಬಂದು ತಲೆ ಬಾಲ ಸೇರಿದ್ರೆ…"

"ಸೇರಿದ್ರೆ?"

ಅಜ್ಜಿ ಸೀದಾ ಒಳಗೆ ಹೋಗಿ ಕೆಮ್ಮಣ್ಣು ಕಲಸತೊಡಗಿದಳು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಇದು. ಸರ್ಪಸುತ್ತು ಸೊಂಟವನ್ನು ಪೂರ್ತಿ ಸುತ್ತಿಬಿಟ್ಟರೆ ಮನುಷ್ಯ ಉಳಿಯುವುದಿಲ್ಲವಂತೆ. ಯಾರೂ ಕಣ್ಣಾರೆ ಕಂಡವರಲ್ಲ, ಎಲ್ಲರಿಗೂ ಒಬ್ಬ ದೂರದ ಚಿಕ್ಕಪ್ಪ ಹಾಗೆ ಹೋದವನಿರುತ್ತಾನೆ. ನಮಗೂ ಇದ್ದ. ತಾತನ ತಮ್ಮ.

ಅಜ್ಜಿ ಗೆರೆಯ ತಲೆಯ ಮುಂದೆ ಕೆಮ್ಮಣ್ಣಿನಿಂದ ಅಡ್ಡಗೋಡೆ ಎಳೆದಳು. "ಇದ್ನ ದಾಟಾಕಿಲ್ಲ ಅದು" ಎಂದಳು. ಮಾರನೆಯ ದಿನ ಬೆಳಿಗ್ಗೆ ಗೆರೆ ಗೋಡೆ ದಾಟಿ ಅರ್ಧ ಇಂಚು ಮುಂದಿತ್ತು. ಅಜ್ಜಿ ಇನ್ನೊಂದು ಗೋಡೆ ಕಟ್ಟಿದಳು. ಅದನ್ನೂ ದಾಟಿತು. ಐದು ದಿನಕ್ಕೆ ನನ್ನ ಎಡಸೊಂಟ ತುಮಕೂರು ರಸ್ತೆಯ ಹಾಗಾಯಿತು, ಉದ್ದಕ್ಕೂ ಹಂಪ್‌ಗಳು, ಯಾವ ಗಾಡಿಯೂ ನಿಧಾನ ಮಾಡುತ್ತಿಲ್ಲ.

ನನ್ನ ಕೆಲಸ ಏನೆಂದು ಹೇಳಲಿಲ್ಲ ಅಲ್ಲವೇ? ಪಂಪಿನ ಶಾಫ್ಟ್ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುವುದು, ಬರೆದಿಡುವುದು. ಹೆದರಿಕೆಯಾದಾಗ ಕೆಲವರು ದೇವರ ನಾಮ ಹೇಳುತ್ತಾರೆ, ನಾನು ರೀಡಿಂಗ್ ತೆಗೆದುಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಆರಕ್ಕೆ ಕನ್ನಡಿಯ ಮುಂದೆ ನಿಂತು, ಗೆರೆಯ ತಲೆ ಎಲ್ಲಿದೆಯೋ ಅಲ್ಲಿ ಬಾಲ್‌ಪೆನ್ನಿನಿಂದ ಚುಕ್ಕೆ, ಪಕ್ಕದಲ್ಲಿ ಸಣ್ಣಗೆ ತಾರೀಕು. ಗೆರೆ ಡೊಂಕಾದ್ದರಿಂದ ಅದರ ಮೇಲೆ ಹೊಲಿಗೆಯ ದಾರ ಇಟ್ಟು, ಆ ದಾರವನ್ನು ಸ್ಟೀಲ್ ಸ್ಕೇಲಿನ ಮೇಲೆ ಎಳೆದು ಅಳತೆ. ಸರಾಸರಿ ದಿನಕ್ಕೆ ಹದಿನಾಲ್ಕು ಮಿಲಿಮೀಟರ್. ನನ್ನ ಸೊಂಟ ಎಂಟುನೂರ ಇಪ್ಪತ್ತು. ಭಾಗಿಸಿದರೆ ತಲೆ ಬಾಲ ಸೇರಲು ಐವತ್ತೆಂಟು ದಿನ ಮತ್ತು ಒಂದು ಮಧ್ಯಾಹ್ನ.

ಕ್ಯಾಲೆಂಡರ್ ತೆಗೆದು ಎಣಿಸಿದೆ. ಸರಿಯಾಗಿ ನಮ್ಮ ಕಾರ್ಖಾನೆಯ ರಾಜ್ಯೋತ್ಸವದ ವಾರ. ಆ ವಾರವೇ ಸ್ಟೇಜಿನ ಮೇಲೆ ನನ್ನ ಮಿಮಿಕ್ರಿ ಇತ್ತು.

ಕ್ಯಾಂಟೀನಿನಲ್ಲಿ ಗೆಳೆಯ ಮಂಜನಿಗೆ ಅಂಗಿ ಎತ್ತಿ ತೋರಿಸಿದೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನೋಡಿದ.

"ಗುರು, ಡೈಮೆನ್ಶನ್ ಎಲ್ಲಾ ಬರ್ದಿಟ್ಟಿದ್ಯಲ್ಲೋ. ರಿಜೆಕ್ಟ್ ಸ್ಟಾಂಪ್ ಹಾಕ್ಬಿಡ್ಲಾ?"

"ರೀವರ್ಕ್‌ಗೆ ಕಳ್ಸೋ."

"ಮೊದ್ಲು ಆಸ್ಪತ್ರೆಗೆ ಕಳ್ಸ್ಬೇಕು ಮಗಾ ನಿನ್ನ."

ಇಬ್ಬರೂ ನಕ್ಕೆವು. ಹಗಲು ಹೊತ್ತು ನಾನು ಎಲ್ಲರೊಡನೆಯೂ ನಕ್ಕೆ. ಹಾವು, ಅಜ್ಜಿ, ಕೆಮ್ಮಣ್ಣು, ಮೂರು ಪಾತ್ರದ ಹೊಸ ಐಟಂ ಒಂದು ತಯಾರಾಗಿತ್ತು. ಆದರೆ ಬೆಳಿಗ್ಗೆ ಆರು ಗಂಟೆಗೆ ಆ ದಾರವನ್ನು ಸ್ಕೇಲಿನ ಮೇಲೆ ಎಳೆಯುವಾಗ ಒಂದು ದಿನವಾದರೂ ಅದು ಗಿಡ್ಡವಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹತ್ತನೆಯ ಬೆಳಿಗ್ಗೆ ಗೋಡೆ ಎಳೆಯಲು ಬಂದ ಅಜ್ಜಿ, ತಲೆಗೂ ಬಾಲಕ್ಕೂ ನಡುವೆ ಇನ್ನೆಷ್ಟು ಜಾಗ ಉಳಿದಿದೆ ಎಂದು ಗೇಣು ಹಾಕಿ ನೋಡಿದಳು. ನಾನು ಅವಳ ಧ್ವನಿಯಲ್ಲೇ "ಏನಾಕಿಲ್ಲ ಕಣ್ಲಾ" ಎಂದೆ. ಅವಳು ನಗಲಿಲ್ಲ. ನಾನು ಮಾಡಿದ ಅಜ್ಜಿಗೆ ಅಜ್ಜಿ ನಗದಿದ್ದದ್ದು ಅದೇ ಮೊದಲು. ಅವತ್ತು ರಜೆ ಹಾಕಿ ಆಸ್ಪತ್ರೆಗೆ ಹೋದೆ.

ಚರ್ಮದ ವಿಭಾಗದ ಬೆಂಚು ವಿಚಿತ್ರ ಜಾಗ. ಎದೆನೋವಿನವರ ಸಾಲಿನಲ್ಲಿ ಯಾರ ರೋಗ ಎಲ್ಲಿದೆಯೆಂದು ಕಾಣುವುದಿಲ್ಲ. ಇಲ್ಲಿ ಎಲ್ಲ ಬಹಿರಂಗ. ಎಲ್ಲರೂ ಗೋಡೆ ನೋಡುವ ನೆಪದಲ್ಲಿ ಪಕ್ಕದವರ ಕೈ ನೋಡುತ್ತಿರುತ್ತಾರೆ. ಯಾರಾದರೂ ಒಬ್ಬರು ತುರಿಸಿಕೊಂಡರೆ ಆಕಳಿಕೆಯ ಹಾಗೆ ಸಾಲಿಗೇ ಹರಡುತ್ತದೆ. ನನ್ನ ಟೋಕನ್ ನಲವತ್ತೊಂದು, ಒಳಗೆ ಹೋಗುತ್ತಿದ್ದದ್ದು ಹದಿನಾರು. ಒಳಗಿನಿಂದ ನರ್ಸಮ್ಮ ಮೂಗಿನಲ್ಲಿ "ಹದ್ನಾ…ರು" ಎಂದು ಕೂಗುತ್ತಿದ್ದರು. ಐದು ನಿಮಿಷದಲ್ಲಿ ಆ ಧ್ವನಿ ನನಗೆ ಬಂದುಬಿಟ್ಟಿತು. ಬಂದ ಮೇಲೆ ಇಟ್ಟುಕೊಳ್ಳುವುದು ಕಷ್ಟ. ಮೆಲ್ಲಗೆ, ಬರೀ ಪ್ರಯೋಗಕ್ಕೆಂದು, "ಹದ್ನೇ…ಳು" ಎಂದೆ. ತಲೆಗೆ ಸ್ಕಾರ್ಫ್ ಕಟ್ಟಿದ್ದ ಒಬ್ಬ ಅಮ್ಮ ಗಡಬಡಿಸಿ ಎದ್ದು ಒಳಗೆ ಹೋಗಿಯೇಬಿಟ್ಟರು.

ನರ್ಸಮ್ಮ ಹೊರಗೆ ಬಂದು ಸಾಲನ್ನೆಲ್ಲ ನೋಡಿದರು. "ಯಾರ್ರೀ ಅದು?"

ನಾನು ಗೋಡೆಯ ಮೇಲಿನ ಪೋಸ್ಟರ್ ಓದತೊಡಗಿದೆ.

ಸ್ಕಾರ್ಫಿನ ಅಮ್ಮ ವಾಪಸ್ಸು ಬಂದು ನನ್ನ ಪಕ್ಕದಲ್ಲೇ ಕೂತರು. ಬೈಯುತ್ತಾರೆ ಅಂದುಕೊಂಡೆ. ಅವರು ಬ್ಯಾಗಿನಿಂದ ರಸ್ಕು ತೆಗೆದು ಅರ್ಧ ಮುರಿದು ಕೊಟ್ಟರು.

"ಮೊದಲ್ನೇ ಸಲನಾ?"

"ಹ್ಞೂಂ ಅಮ್ಮ."

"ಹೆದ್ರಿಕೆ ಆದೋರೇ ಇಷ್ಟು ತರ್ಲೆ ಮಾಡೋದು. ತಿನ್ನಪ್ಪ."

ಪೂರ್ತಿ ತಿಂದು ಮುಗಿಸಿದೆ. ನನ್ನ ಸರದಿ ಬರುವ ತನಕ ಮತ್ತೆ ಯಾವ ನಂಬರೂ ಕೂಗಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ನಾನು ಅಂಗಿ ಎತ್ತಿದೆ. ಅವರು ಬಗ್ಗಿ ನೋಡಿದರು, ಕುರ್ಚಿ ಹತ್ತಿರ ಎಳೆದುಕೊಂಡರು, ಮತ್ತೆ ನೋಡಿದರು.

"ಈ ಕೆಂಪು ಬಣ್ಣ?"

"ಅಜ್ಜಿ ಮೇಡಂ. ಕಾಂಪೌಂಡು."

"ಈ ಚುಕ್ಕೆ, ತಾರೀಕು?"

"ನಾನೇ ಮೇಡಂ. ದಿನಕ್ಕೆ ಹದಿನಾಲ್ಕು ಮಿಲಿಮೀಟರ್. ಒಂದು ದಿನ ಹನ್ನೊಂದು ಬಂತು, ಅವತ್ತು ದಾರ ಸಡಿಲ ಹಿಡಿದಿದ್ದೆ ಅನ್ಸತ್ತೆ."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ ಪಕ್ಕದ ರೂಮಿನಿಂದ ಇಬ್ಬರು ಕಲಿಯುವ ಡಾಕ್ಟರುಗಳನ್ನು ಕರೆತಂದರು. ಮೂವರು ಡಾಕ್ಟರುಗಳು ಒಂದು ಸೊಂಟವನ್ನು ನೋಡುತ್ತಿದ್ದರೆ ಆ ಸೊಂಟದ ಮಾಲೀಕನಿಗೆ ಏನಾಗುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಐವತ್ತೆಂಟು ದಿನ ಎಂದು ನಾನು ಹಾಕಿದ್ದ ಗಡುವು ಆ ಕ್ಷಣಕ್ಕೆ ಐದೇ ನಿಮಿಷ ಅನಿಸಿತು.

"ಮೇಡಂ, ತಲೆ ಬಾಲ ಸೇರುತ್ತಾ?"

"ಯಾವ ತಲೆ?"

"ಸರ್ಪಸುತ್ತಿಂದು."

ಅವರು ಮೊದಲ ಸಲ ನಕ್ಕರು. "ಸರ್ಪಸುತ್ತು ಹೀಗೆ ದಿನಾ ವಾಕಿಂಗ್ ಹೋಗಲ್ಲ ಕಣ್ರೀ. ನೀವು ತಾರೀಕು ಹಾಕಿ ತಂದಿದ್ದಕ್ಕೆ ನನ್ನ ಕೆಲ್ಸ ಸಲೀಸಾಯ್ತು. ಇದು ಹುಳ. ನಾಯಿ ಬೆಕ್ಕಿನ ಹೊಟ್ಟೇಲಿ ಇರ್ಬೇಕಾದ ಹುಳದ ಮರಿ. ಅವುಗಳ ಕಕ್ಕಸಿಂದ ಮಣ್ಣಿಗೆ ಬಿದ್ದು, ಅಲ್ಲಿಂದ ನಿಮ್ಮ ಚರ್ಮಕ್ಕೆ ಹೊಕ್ಕಿದೆ. ಬಂದ್ಮೇಲೆ ತಾನು ಬರ್ಬೇಕಾದ ಮನೆ ಇದಲ್ಲ ಅಂತ ಅದಕ್ಕೆ ಗೊತ್ತಾಗಿದೆ, ದಾರಿ ಹುಡುಕ್ತಾ ಸುತ್ತುತ್ತಿದೆ ಪಾಪ."

ನನಗೆ ಆ ಹುಳದ ಧ್ವನಿ ಆಗಲೇ ಕೇಳಿಸಿತು. ನಮ್ಮ ಬೀದಿಗೆ ಪಾರ್ಸೆಲ್ ತರುವವರೆಲ್ಲ ಹಾಗೇ ಫೋನ್ ಮಾಡುತ್ತಾರೆ. "ಸಾರ್, ಲೊಕೇಶನ್ ಇಲ್ಲೇ ತೋರಿಸ್ತಿದೆ ಸಾರ್, ಮನೆ ಸಿಗ್ತಿಲ್ಲ ಸಾರ್. ಬಲಕ್ಕೆ ತಿರುಗ್ಲಾ ಸಾರ್?" ಅದನ್ನು ಅಲ್ಲೇ ಮಾಡಿದೆ. ಕಲಿಯುವ ಡಾಕ್ಟರೊಬ್ಬರು ಫೈಲಿನಲ್ಲಿ ಬಾಯಿ ಮುಚ್ಚಿಕೊಂಡರು. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋಗಿತ್ತು. ನಾನು ಸಾಯುವುದಿಲ್ಲ! ಮಾತ್ರೆ ನುಂಗಿದರೆ ಹೋಗುತ್ತದಂತೆ! ಆ ಹೊತ್ತಿಗೆ ಯಾರಾದರೂ ತಮಟೆ ಬಡಿದಿದ್ದರೆ ಅಲ್ಲೇ ಇನ್ನೊಂದು ಸಲ ಹಾವಾಗುತ್ತಿದ್ದೆ.

"ಎಲ್ಲಿ ಮೈ ತಾಗಿಸಿದ್ರಿ ಮಣ್ಣಿಗೆ?" ಎಂದರು ಡಾಕ್ಟರಮ್ಮ, ಚೀಟಿ ಬರೆಯುತ್ತಾ.

"ಮನೆ ಎದುರು ಮರಳು ಮೇಡಂ."

"ಆ ಮರಳಲ್ಲಿ ಇನ್ಯಾರ್ಯಾರು ಕೈ ಕಾಲು ಹಾಕ್ತಾರೆ?"

ಬಾಯಿ ತೆರೆದೆ. ರೇಷ್ಮೆ ಲಂಗ ಉಟ್ಟ ಮರಿ ಹಾವು ಕಣ್ಣ ಮುಂದೆ ಬಂತು. ಯಾವ ಧ್ವನಿಯೂ ಹೊರಡಲಿಲ್ಲ, ನನ್ನದು ಕೂಡ.

ಬಸ್ಸಿಳಿದು ಬೀದಿಗೆ ಬಂದಾಗ ದ್ಯಾಮವ್ವ ಮರಳು ಜರಡಿ ಹಿಡಿಯುತ್ತಿದ್ದಳು, ಬರಿಗಾಲಲ್ಲಿ, ಹಿಮ್ಮಡಿ ಮುಳುಗುವಷ್ಟು ಒಳಗೆ ನಿಂತು. ಒಂದು ವರ್ಷ ನಾನು ಅವಳ ಧ್ವನಿಯನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದೆ, ಅವಳ ಕಾಲನ್ನು ಒಂದು ದಿನವೂ ನೋಡಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಪಾದದ ಪಕ್ಕದಲ್ಲಿ, ಬೆರಳ ಸಂದಿಯಲ್ಲಿ, ಒಂದರ ಮೇಲೊಂದು, ನನ್ನದಕ್ಕಿಂತ ಹಳೆಯ ಗೆರೆಗಳು.

"ಅಕ್ಕಾ, ಇದು ಎಷ್ಟು ದಿನದಿಂದ?"

"ಯಾವ್ದು? ಇದಾ? ಸಿಮೆಂಟ್ ಕಡಿತ ಬಿಡ್ರಿ ತಮ್ಮಾ. ರಾತ್ರಿ ಉಪ್ಪುನೀರಾಗ ಕಾಲಿಟ್ಟು ಮಲಗ್ತೀನಿ. ಆಗೇತಿ ತಿಂಗಳ ಮ್ಯಾಲ."

ಆಗ ನಾನು "ಆತ್ರೀ" ಎನ್ನಲಿಲ್ಲ. ನಾಳೆ ಆಸ್ಪತ್ರೆಗೆ ಹೋಗಬೇಕು, ಜೊತೆಗೆ ನಾನೇ ಬರುತ್ತೇನೆ ಎಂದೆ. ಅವಳು ನಂಬಲಿಲ್ಲ. ಇವನು ಈಗ ಯಾರ ಪಾತ್ರ ಮಾಡುತ್ತಿದ್ದಾನೆ ಎಂದು ನೋಡುವ ಹಾಗೆ ನನ್ನ ಮುಖ ನೋಡಿದಳು.

ಅಕ್ಕ ಬಂದ ಮೇಲೆ ಹೇಳಿದೆ. ಎಲ್ಲವನ್ನೂ ಹೇಳಿದೆ, ಬೆಕ್ಕು, ಮರಳು, ಲಂಗ, ಚಾಕಲೇಟು. ಅಕ್ಕ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ತಯಾರಾಗಿ ನಿಂತಿದ್ದೆ. ಅವಳು ಬ್ಯಾಗನ್ನೂ ಕೆಳಗಿಡದೆ ಚುಕ್ಕಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಫ್ರಾಕು ಬಿಚ್ಚಿ, ಕಾರ್ಖಾನೆಯಲ್ಲಿ ಹೊಲಿಗೆ ನೋಡುವ ಹಾಗೆ, ಒಂದು ಬೆರಳಗಲ ಬಿಡದೆ ಹುಡುಕಿದಳು. ಎಡಮಂಡಿಯ ಹಿಂದೆ ಸಿಕ್ಕಿತು. ಬೆರಳಿನ ಒಂದು ಗಿಣ್ಣಿನಷ್ಟು ಉದ್ದ, ತೆಳ್ಳಗೆ.

"ಕೆರೀತಿತ್ತೇನೇ ಇಲ್ಲಿ?"

"ಹ್ಞೂಂ."

"ಯಾಕೆ ಹೇಳ್ಲಿಲ್ಲ?"

ಚುಕ್ಕಿ ನನ್ನ ಕಡೆ ನೋಡಿದಳು. "ಮಾಮ ಹೇಳ್ಬೇಡ ಅಂದ."

ಆ ಮಾತನ್ನು ನಾನು ಇವತ್ತಿಗೂ ಯಾರ ಮುಂದೆಯೂ ಮಿಮಿಕ್ರಿ ಮಾಡಿಲ್ಲ.

ಅಕ್ಕ ಎದ್ದು ನಿಂತಳು. "ಆ ಮರಳು ಸರಿ ಹೋಗೋವರ್ಗೂ ಚುಕ್ಕಿ ನಿನ್ ಜೊತೆ ಬೀದಿಗೆ ಬರಲ್ಲ. ಅಜ್ಜಿ ಕೈಗೂ ಇವ್ಳು ಸಿಗಲ್ಲ, ಇನ್ಮೇಲೆ ಡೇಕೇರಲ್ಲಿ ಬಿಡ್ತೀನಿ."

ಮಾರನೆಯ ದಿನ ಆಸ್ಪತ್ರೆಗೆ ನಮ್ಮದು ಒಂದು ಮೆರವಣಿಗೆಯೇ ಹೊರಟಿತು. ಅಕ್ಕ, ಚುಕ್ಕಿ, ದ್ಯಾಮವ್ವ, ನಾನು. ನರ್ಸಮ್ಮ ನನ್ನನ್ನು ನೋಡಿದ ಕೂಡಲೇ "ಬಾಯಿ ಮುಚ್ಕೊಂಡ್ ಕೂತ್ಕೋ" ಎಂದರು. ಎಲ್ಲ ಗೊತ್ತಿತ್ತು ಅವರಿಗೆ. ಚುಕ್ಕಿ ಬೆಂಚಿನಲ್ಲಿ ಕೂತವರಿಗೆಲ್ಲ ಮಂಡಿ ತಿರುಗಿಸಿ ತೋರಿಸಿ "ನಂಗೂ ಹಾವು ಬಂದಿದೆ" ಎಂದು ಹೆಮ್ಮೆ ಪಟ್ಟಳು. ದ್ಯಾಮವ್ವನ ಕಾಲು ನೋಡಿ ಡಾಕ್ಟರಮ್ಮ ನಗಲಿಲ್ಲ. ಅವಳಿಗೆ ಹೆಚ್ಚು ದಿನದ ಮಾತ್ರೆ ಬರೆದು, ಚಪ್ಪಲಿ ಇಲ್ಲದೆ ಮರಳಿಗೆ ಕಾಲಿಡಬೇಡ ಎಂದು ಮೂರು ಸಲ ಹೇಳಿದರು. ಚಪ್ಪಲಿ ಅಲ್ಲ, ಗಮ್‌ಬೂಟೇ ಬೇಕೆಂದು ನಾನು ಮೇಸ್ತ್ರಿಯ ಬೆನ್ನು ಹತ್ತಿದೆ. ಅವನು ನಾಲ್ಕನೆಯ ಫೋನಿಗೆ ತಂದುಕೊಟ್ಟ. ನಾಲ್ಕನೆಯ ಫೋನು ನಾನು ಮಾಡಿದ್ದು ಮನೆ ಕಟ್ಟಿಸುವ ಮಾಲೀಕರ ಧ್ವನಿಯಲ್ಲಿ.

ಆ ವಾರ ನಾವು ನಾಲ್ವರು ಹುಳದ ಮಾತ್ರೆ ನುಂಗಿದೆವು, ನಾನು, ಚುಕ್ಕಿ, ದ್ಯಾಮವ್ವ, ಮತ್ತೆ ಪಶು ಆಸ್ಪತ್ರೆಗೆ ಚೀಲದಲ್ಲಿ ಹೋಗಿ ಬಂದ ಸುಬ್ಬಿ. ನಾಲ್ವರಲ್ಲಿ ಗಲಾಟೆ ಮಾಡದೆ ನುಂಗಿದವಳು ಚುಕ್ಕಿ ಒಬ್ಬಳೇ. ಸುಬ್ಬಿ ನನ್ನ ಮುಂಗೈಗೆ ಹೊಸ ಗೆರೆ ಎಳೆಯಿತು, ಅದು ಮಾತ್ರ ಮುಂದೆ ಹೋಗದೆ ಅಲ್ಲೇ ನಿಂತಿತು. ಎರಡನೆಯ ದಿನಕ್ಕೆ ತುರಿಕೆ ಇಳಿಯಿತು. ಮೂರನೆಯ ಬೆಳಿಗ್ಗೆ ದಾರ ಇಟ್ಟು ಅಳೆದರೆ ಸೊನ್ನೆ ಮಿಲಿಮೀಟರ್. ನಾಲ್ಕನೆಯ ಬೆಳಿಗ್ಗೆಯೂ ಸೊನ್ನೆ. ಓಡಿಹೋಗಿ ಅಜ್ಜಿಗೆ ತೋರಿಸಿದೆ. ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು.

"ನೋಡ್ದಾ? ಕೊನೇ ಗೋಡೆ ಗಟ್ಟಿಯಾಗಿ ಆಕಿದ್ದೆ ಕಣ್ಲಾ."

ಇರಲಿ. ಕೀರ್ತಿ ಅವಳಿಗೇ ಇರಲಿ. ನಿಮ್ಮ ಮೈಮೇಲೂ ಇಂಥ ಗೆರೆಯೊಂದು ಹೊರಟಿದ್ದರೆ, ನಿಮ್ಮ ಮನೆಯಲ್ಲೂ ಯಾರೋ ಕೆಮ್ಮಣ್ಣು ಕಲಸುತ್ತಿದ್ದರೆ, ಬೇಡ ಅನ್ನಬೇಡಿ. ಅದು ಪ್ರೀತಿ, ತೊಳೆದರೆ ಹೋಗುತ್ತದೆ. ಆದರೆ ನಾನು ಕಾದಷ್ಟು ಕಾಯದೆ ಆ ಬೆಂಚಿಗೆ ಹೋಗಿ ಕೂತುಕೊಳ್ಳಿ. ರಸ್ಕು ಕೊಡುವವರು ಯಾರಾದರೂ ಇದ್ದೇ ಇರುತ್ತಾರೆ.

ಮೈ ಸರಿಹೋಯಿತು, ಸಂಜೆ ಸರಿಹೋಗಲಿಲ್ಲ. ಶಿಫ್ಟ್ ಮುಗಿಸಿ ಬಂದರೆ ಗೇಟಿನಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ನಿಂತಿರುತ್ತಿರಲಿಲ್ಲ. ಚುಕ್ಕಿ ಡೇಕೇರಿನಿಂದ ಅಕ್ಕನ ಜೊತೆ ಕತ್ತಲಾದ ಮೇಲೆ ಬರುತ್ತಿದ್ದಳು, ಬಂದವಳು ಅಲ್ಲಿಯ ಆಯಾ ಹೇಗೆ ಆಕಳಿಸುತ್ತಾಳೆ ಎಂದು ನನಗೆ ಮಾಡಿ ತೋರಿಸುತ್ತಿದ್ದಳು. ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ನಾನು ನಗುತ್ತಾ ಅಕ್ಕನ ಕಡೆ ನೋಡಿದರೆ ಅಕ್ಕ ಮರಳಿನ ಕಡೆ ನೋಡುತ್ತಿದ್ದಳು.

ಈಗ ಆ ಗುಡ್ಡೆಯ ಮೇಲೆ ನೀಲಿ ಟಾರ್ಪಾಲು ಇದೆ, ಅಂಚಿಗೆಲ್ಲ ಕಲ್ಲು ಹೇರಿದೆ. ಸುಬ್ಬಿಗೆ ಮಹಡಿಯ ಮೇಲೆ ಹಳೆಯ ಟಬ್ಬಿನಲ್ಲಿ ಸ್ವಂತ ಮರಳಿದೆ, ಅದನ್ನು ದಿನಾ ಎತ್ತುವವನು ನಾನು. ರಂಗಪ್ಪ ಅಂಕಲ್ ನಾಯಿ ಹಿಡಿದು ಹೊರಟರೆ ಇನ್ನೊಂದು ಕೈಯಲ್ಲಿ ಹಳೆಯ ಪೇಪರು, ಕವರು ಇರುತ್ತದೆ, ಶಿಸ್ತಿನಿಂದ ಮಡಿಸಿಟ್ಟದ್ದು. ಚುಕ್ಕಿ ಮತ್ತೆ ಗೇಟಿನಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿರುತ್ತಾಳೆ. ಇಷ್ಟೆಲ್ಲ ನನ್ನ ಭಾಷಣದಿಂದ ಆದದ್ದಲ್ಲ. ಒಂದು ಭಾನುವಾರ ಬೆಳಿಗ್ಗೆ ಒಂದೇ ಮಾತಿನಿಂದ ಆದದ್ದು.

ಅವತ್ತು ನಾನು ಧೈರ್ಯ ಮಾಡಿ ರಂಗಪ್ಪ ಅಂಕಲ್ಲನ್ನು ಮರಳಿನ ಹತ್ತಿರವೇ ತಡೆದಿದ್ದೆ. ಅಕ್ಕ ಚುಕ್ಕಿಯನ್ನು ಎತ್ತಿಕೊಂಡು ಗೇಟಿನಲ್ಲಿ ನಿಂತಿದ್ದಳು.

"ಅಂಕಲ್, ರಾಜನಿಗೂ ಹುಳದ ಮಾತ್ರೆ ಕೊಡಿಸಿ. ಮತ್ತೆ ಇಲ್ಲಿಗೆ ಬಿಡ್ಬೇಡಿ."

"ಏನಯ್ಯಾ, ನಮ್ಮ ರಾಜನ್ ಮೇಲೆ ಕಂಪ್ಲೇಂಟಾ? ಶಿಸ್ತಿನ ನಾಯಿ ಕಣಯ್ಯಾ ಅದು. ನಮ್ಮ ಗೇಟ್ ಒಳಗೆ ಒಂದ್ ದಿನ ಗಲೀಜು ಮಾಡಿಲ್ಲ."

"ಗೇಟ್ ಹೊರಗೆ ಅಂಕಲ್?"

"ಹೊರಗೆ ಅದರ ಸ್ವಂತ ಟೈಮು. ನಿನ್ ಬೆಕ್ಕು ಏನ್ ಮಾಡುತ್ತೆ, ಅದ್ ಹೇಳು."

"ನಮ್ ಸುಬ್ಬಿ ಮಾಡಿ ಮುಚ್ಚುತ್ತೆ ಅಂಕಲ್. ನೀಟು."

"ಮುಚ್ಚಿದ್ರೆ ಇಲ್ಲ ಅಂತಾನಾ? ಬೆಕ್ಕಿಂದೇ ಕಣಯ್ಯಾ ಜಾಸ್ತಿ."

"ನಾಯಿದು ಸೈಜ್ ನೋಡಿ ಅಂಕಲ್! ಅಳತೆ ಬೇಕಿದ್ರೆ ನಾನ್ ತಗೋತೀನಿ."

"ತಗೊಳಯ್ಯಾ! ಯಾರ್ ಬೇಡ ಅಂದ್ರು!"

ನಾಲ್ಕು ಕಿಟಕಿ ತೆರೆದವು. ನಾನು ಅಂಕಲ್ಲಿನ ಕೆಮ್ಮು ಕೆಮ್ಮಿದೆ, ಅಂಕಲ್ ಬೆಕ್ಕಿನ ಹಾಗೆ ಕೂಗಿದರು. ಬಹಳ ಕೆಟ್ಟದಾಗಿ ಕೂಗಿದರು. ನಾಯಿಯದು ಜಾಸ್ತಿಯೋ ಬೆಕ್ಕಿನದು ಜಾಸ್ತಿಯೋ ಎಂದು ಇಬ್ಬರೂ ಮರಳಿನ ಆಚೆ ಈಚೆ ನಿಂತು ಕೈ ಬೀಸುತ್ತಿದ್ದೆವು. ನಡುವೆ, ಹೊಸ ಗಮ್‌ಬೂಟು ಹಾಕಿಕೊಂಡು ನಿಂತಿದ್ದ ದ್ಯಾಮವ್ವ ಜರಡಿ ಆಡಿಸುವುದನ್ನು ನಿಲ್ಲಿಸಿದಳು. ಜರಡಿಯನ್ನು ಸೊಂಟಕ್ಕೆ ಆನಿಸಿಕೊಂಡಳು. ಅದರಲ್ಲಿ ಉಳಿದದ್ದನ್ನು ಒಂದು ಸಲ ನೋಡಿದಳು, ಅಂಕಲ್ಲನ್ನು ಒಂದು ಸಲ, ನನ್ನನ್ನು ಒಂದು ಸಲ.

"ಇಬ್ರೂ ಸುಮ್ನಾಗ್ರಿ ಸರ. ವರ್ಷಾತು, ದಿನಾ ಇದನ್ನ ಸೋಸಾಕಿ ನಾನು. ಯಾವ್ದು ಯಾರ ಮನೀದು ಅಂತ ನನಗ ಚೊಲೋ ಗೊತ್ತೈತಿ. ಅವರವರ ಬಾಗಿಲಿಗೆ ಮುಟ್ಟಿಸಿ ಬರ್ಲೇನು?"